ಘಟ್ಟ ಹತ್ತಿದ ಸಮುದ್ರ

ಸಮುದ್ರವೆಂಬುದು ಇದ್ದಲ್ಲಿಯೇ ಇರುವ ಪದಾರ್ಥವೆಂದು ಶಾಲೆಯಲ್ಲಿ ಕಲಿಸುತ್ತಾರೆ. ಶಾಲೆಯಲ್ಲಿ ಕಲಿಸಿದ್ದನ್ನೆಲ್ಲ ನಂಬುವವರು ಒಮ್ಮೆ ಶಿರಸಿಗೆ ಬಂದು ವಿಚಾರಿಸಬೇಕು. ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಸಮುದ್ರವು ಕುಮಟೆಯಿಂದ ಹೊರಟು, ದೇವಿಮನೆ ಘಟ್ಟದ ತಿರುವುಗಳನ್ನು ಒಂದೊಂದಾಗಿ ಹತ್ತಿ, ಎರಡು ಸಾವಿರ ಅಡಿ ಮೇಲಿರುವ ಈ ಪೇಟೆಗೆ ಬಂದಿಳಿದದ್ದನ್ನು ಕಂಡವರು ಕಡಿಮೆಯೆಂದರೂ ನಾಲ್ಕು ಸಾವಿರ ಮಂದಿ ಇದ್ದಾರೆ. ಬಂದದ್ದು ಬಸ್ಸಿನಲ್ಲಿ, ಎರಡು ಪ್ಲಾಸ್ಟಿಕ್ ಕ್ಯಾನುಗಳಲ್ಲಿ, ಹಿಂದಿನ ಸೀಟಿನ ಕೆಳಗೆ. ಕರೆತಂದವರು ಟೈಪಿಂಗ್ ಮಾಸ್ತರು.

ಟೈಪಿಂಗ್ ಮಾಸ್ತರೆಂದರೆ ವಿಘ್ನೇಶ್ವರ ಹೆಗಡೆಯವರು. ವಯಸ್ಸು ಐವತ್ತೆರಡು, ಮದುವೆ ಇಲ್ಲ, ಮನೆಯಲ್ಲಿ ಹದಿನಾಲ್ಕು ಟೈಪ್‌ರೈಟರುಗಳು. ಮುಂದಿನ ಕೋಣೆಯಲ್ಲಿ ಇನ್‌ಸ್ಟಿಟ್ಯೂಟು, ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟವ್ವು, ಒಂದು ಲೋಟ. ಒಂದು ಕಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳ ಯಾವ ಕಚೇರಿಯಿಂದ ಯಾವ ಕಾಗದ ಹೊರಟರೂ ಅದರ ಹಿಂದೆ ಇವರ ಶಿಷ್ಯರ ಹತ್ತು ಬೆರಳು ಇರುತ್ತಿದ್ದವು. ಆಮೇಲೆ ಪಕ್ಕದ ಓಣಿಯಲ್ಲಿ ಕಂಪ್ಯೂಟರ್ ಕ್ಲಾಸು ಬಂತು. ಮಾಸ್ತರ ವಿದ್ಯಾರ್ಥಿಗಳು ಇಪ್ಪತ್ತಿದ್ದವರು ಹತ್ತಾದರು, ಹತ್ತು ನಾಲ್ಕಾಯಿತು, ನಾಲ್ವರಲ್ಲಿ ಒಬ್ಬಳ ಮದುವೆಯಾಯಿತು, ಉಳಿದ ಮೂವರು ಆ ಮದುವೆಯ ಊಟಕ್ಕೆ ಹೋದವರು ತಿರುಗಿ ಬರಲಿಲ್ಲ.

ಆದರೂ ಮಾಸ್ತರು ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಬಾಗಿಲು ತೆರೆದು, ಮೊದಲನೆಯ ಮಷಿನ್ನಿನ ಮುಂದೆ ಕುಳಿತು ಒಂದು ಪುಟ ಹೊಡೆಯುತ್ತಿದ್ದರು. ಎದ್ದು ಹೋಗಿ ಎರಡನೆಯದರ ಮುಂದೆ ಕೂರುತ್ತಿದ್ದರು. ಹೀಗೆ ಹದಿನಾಲ್ಕೂ. ಕೀಲಿಗಳಿಗೆ ತುಕ್ಕು ಹಿಡಿಯಬಾರದು ಎಂಬುದು ಹೇಳಿಕೊಳ್ಳುವ ಕಾರಣ. ಬೀದಿಯವರಿಗೆ ಒಳಗೆ ಕ್ಲಾಸು ನಡೆಯುತ್ತಿರುವಂತೆ ಕೇಳಿಸಲಿ ಎಂಬುದು ಹೇಳಿಕೊಳ್ಳದ ಕಾರಣ. ಒಂಬತ್ತೂವರೆಗೆ ಕ್ಲಾಸು ಬಿಡುತ್ತಿತ್ತು. ಯಾರೂ ಹೊರಗೆ ಬರುತ್ತಿರಲಿಲ್ಲ.

ಹೀಗಿರುವಾಗ ಹಳೆಯ ಶಿಷ್ಯೆ ಚೇತನಾಳಿಂದ ಒಂದು ಉಡುಗೊರೆ ಬಂತು. ಅವಳು ಕಾರವಾರದಲ್ಲಿ ಕಡಲ ಜೀವಿಗಳ ವಿದ್ಯೆ ಕಲಿಸುವ ಒಂದು ಕಾಲೇಜಿನಲ್ಲಿ ಟೈಪಿಸ್ಟು. ಅಲ್ಲಿ ಬೇಡವಾಗಿದ್ದ ಗಾಜಿನ ತೊಟ್ಟಿ, ಗಾಳಿ ಬಿಡುವ ಪಂಪು, ಕಿತ್ತಳೆ ಮೈಗೆ ಬಿಳಿ ಪಟ್ಟಿ ಬಳಿದುಕೊಂಡಂತಿದ್ದ ಎರಡು ಮೀನು, ಜೊತೆಗೊಂದು ಪರೀಕ್ಷೆಯ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ನಾಲ್ಕು ಪುಟ್ಟ ಸೀಸೆ, ಗಾಜಿನ ನಳಿಗೆಗಳು, ಒಂದು ಬಣ್ಣದ ಪಟ್ಟಿ. ನೀರಿಗೆ ಸೀಸೆಯ ಹನಿ ಹಾಕಿ, ಬಂದ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿದರೆ ನೀರಿನಲ್ಲಿ ವಿಷವೆಷ್ಟು, ಹುಳಿಯೆಷ್ಟು ಎಂದು ತಿಳಿಯುತ್ತದೆ. ಅಮೋನಿಯಕ್ಕೆ ಹಳದಿ ಬಂದರೆ ಕ್ಷೇಮ, ಹಸಿರು ಬಂದರೆ ಮೀನಿಗೆ ಆಪತ್ತು. ಉಪ್ಪು ನೋಡಲು ಬೇರೆಯೇ ಒಂದು ಗಾಜಿನ ಕಡ್ಡಿ. ನೀರು ಉಪ್ಪಾದಷ್ಟೂ ಅದು ಮೇಲೆದ್ದು ತೇಲುತ್ತದೆ, ಸಮುದ್ರದಷ್ಟು ಉಪ್ಪಿದ್ದರೆ ಹಸಿರು ಗೆರೆಗೆ ನಿಲ್ಲುತ್ತದೆ. ಮಾಸ್ತರು ಅದಕ್ಕೆ ತೇಲುಕಡ್ಡಿ ಎಂದು ಹೆಸರಿಟ್ಟರು.

"ಸರ್, ಪ್ರತಿ ಭಾನುವಾರ ನೀರು ಪರೀಕ್ಷೆ ಮಾಡಿ ನನಗೆ ಬರೆಯಿರಿ," ಎಂದು ಚೇತನಾ ಚೀಟಿ ಇಟ್ಟಿದ್ದಳು. "ನೀರು ಸರಿ ಇದ್ದರೆ ಮೀನು ಒಂದೇ ಇದ್ದರೂ ಬದುಕುತ್ತದೆ."

ಎಂಟು ದಿನಕ್ಕೆ ಮೀನು ಒಂದೇ ಆಯಿತು.

ಅಂದಿನಿಂದ ಮಾಸ್ತರ ಶಿಸ್ತು ನೋಡಬೇಕಿತ್ತು. ಹದಿನೈದು ದಿನಕ್ಕೊಮ್ಮೆ ಕುಮಟೆಗೆ ಹೋಗಿ ಕ್ಯಾನಿನಲ್ಲಿ ಸಮುದ್ರ ತರುವುದು, ಅರ್ಧ ತೊಟ್ಟಿ ಬದಲಾಯಿಸುವುದು. ಭಾನುವಾರ ಪರೀಕ್ಷೆ. ಆಮೇಲೆ ಏಳನೆಯ ಮಷಿನ್ನಿನಲ್ಲಿ, ಮಧ್ಯೆ ಕಾರ್ಬನ್ ಇಟ್ಟು, ಮೂರು ಪ್ರತಿ ವರದಿ: "ನೀರಿನ ಗುಣಮಟ್ಟ. ಅಮೋನಿಯ: ಇಲ್ಲ. ಉಪ್ಪು: ಸಮರ್ಪಕ. ಜೀವಿಗಳ ವಾಸಕ್ಕೆ ಯೋಗ್ಯ." ಕೆಳಗೆ ಇನ್‌ಸ್ಟಿಟ್ಯೂಟಿನ ದುಂಡು ಸೀಲು. ಒಂದು ಪ್ರತಿ ಫೈಲಿಗೆ, ಒಂದು ಚೇತನಾಳಿಗೆ. ಮೂರನೆಯದನ್ನು ಕೊಡಲು ಯಾರೂ ಇರಲಿಲ್ಲ. ಟೈಪಿಂಗಿನಲ್ಲಿ ಮೂರು ಪ್ರತಿ ಎಂದ ಮೇಲೆ ಮೂರು ಪ್ರತಿಯೇ. ಆದ್ದರಿಂದ ಅದನ್ನು ಬೀದಿಯ ಕಡೆಗಿನ ಕಿಟಕಿಯ ಗಾಜಿಗೆ ಅಂಟಿಸಿದರು. ಚೇತನಾ ಎರಡು ವಾರ ಉತ್ತರ ಬರೆದಳು. ಆಮೇಲೆ ಕಾಲೇಜಿನಲ್ಲಿ ಪರೀಕ್ಷೆ ಬಂದಿರಬೇಕು.

ಕಿಟಕಿಗೆ ಮಾತ್ರ ಉತ್ತರ ಬಂತು. ಬಸ್‌ಸ್ಟ್ಯಾಂಡಿನ ಬಳಿ ರೊಟ್ಟಿ ಖಾನಾವಳಿ ನಡೆಸುವ ಹಾವೇರಿ ಕಡೆಯ ಗುರುಶಾಂತವ್ವ ಒಂದು ಸೋಮವಾರ ಕೈಯಲ್ಲಿ ಎಣ್ಣೆಯ ಹಳೆ ಬಾಟಲಿ ಹಿಡಿದು ಒಳಗೆ ಬಂದಳು.

"ಮಾಸ್ತರ, ನೀರು ತಪಾಸ ಮಾಡ್ತೀರಂತಲ್ರೀ. ಕಿಡಕ್ಯಾಗಿಂದು ಓದಿಸಿಕೊಂಡೆ. ನಮ್ಮ ಖಾನಾವಳಿ ಬಾಂವಿ ನೀರು ತಂದೀನಿ, ನೋಡಿ ಹೇಳ್ರಿ."

ಇದು ಮೀನಿನ ನೀರಿನ ಪರೀಕ್ಷೆ ಎಂದು ಹೇಳಲು ಮಾಸ್ತರು ಬಾಯಿ ತೆರೆದರು. ಅಷ್ಟರಲ್ಲಿ ಗುರುಶಾಂತವ್ವ ಕುರ್ಚಿ ಎಳೆದುಕೊಂಡು ಕುಳಿತಳು. ಆ ಕುರ್ಚಿಯ ಮೇಲೆ ಮಾಸ್ತರ ಹೊರತು ಬೇರೆ ಮನುಷ್ಯರು ಕೂತು ಹದಿನಾಲ್ಕು ತಿಂಗಳಾಗಿತ್ತು. ಕುರ್ಚಿಯೇ ಬೆಚ್ಚಿ ಕಿರ್ ಎಂದಿತು. ಮಾಸ್ತರು ತೆರೆದ ಬಾಯಿಯಲ್ಲಿ, "ಚಾ ಮಾಡ್ಲೇನು?" ಎಂದರು.

ಹನಿ ಹಾಕಿದ ಮೇಲೆ ಬಣ್ಣ ಬರಲು ಐದು ನಿಮಿಷ ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು. ಐದು ನಿಮಿಷದಲ್ಲಿ ಗುರುಶಾಂತವ್ವ ತನ್ನ ತಂಗಿಯ ಸೊಸೆಯ ಸ್ವಭಾವದ ಪೀಠಿಕೆಯನ್ನಷ್ಟೇ ಹೇಳಿದ್ದಳು. ನಳಿಗೆ ಹಳದಿಯಾಗಿ ನಿಂತಿತ್ತು. ಮಾಸ್ತರು ಅದನ್ನು ಬೆಳಕಿಗೆ ಹಿಡಿದು, ತಲೆಯಾಡಿಸಿ, "ಇನ್ನೂ ಬರಬೇಕು," ಎಂದರು. ಸೊಸೆಯ ಕಥೆ ಮುಗಿದು, ತಂಗಿಯ ಮೊಣಕಾಲ ನೋವು ಮುಗಿದು, ಎರಡನೆಯ ಚಾ ಮುಗಿದ ಮೇಲೆ ಬಣ್ಣ ಬಂದಿದೆ ಎಂದು ಘೋಷಿಸಿದರು. ಗಡಿಯಾರ ನೋಡಿದರೆ ಇಪ್ಪತ್ತೈದು ನಿಮಿಷ. ಅಂದಿನಿಂದ ವಿಜ್ಞಾನದಲ್ಲಿ ಅಮೋನಿಯದ ಅವಧಿ ಇಪ್ಪತ್ತೈದು ನಿಮಿಷ ಎಂದು ನಿಗದಿಯಾಯಿತು.

ಟೈಪು ಮಾಡಿದ ಕಾಗದ, ಅದರ ಮೇಲೊಂದು ಸೀಲು. ಇವೆರಡು ಸೇರಿದರೆ ಈ ಭೂಮಿಯ ಮೇಲೆ ಆಗದ ಕೆಲಸವಿಲ್ಲ. ಗುರುಶಾಂತವ್ವ ವರದಿಗೆ ಕಟ್ಟು ಹಾಕಿಸಿ ದುಡ್ಡಿನ ಗಲ್ಲೆಯ ಮೇಲೆ ತೂಗುಹಾಕಿದಳು. "ಜೀವಿಗಳ ವಾಸಕ್ಕೆ ಯೋಗ್ಯ" ಎಂದು ಓದಿದ ಗಿರಾಕಿಗಳು ಒಂದು ರೊಟ್ಟಿ ಹೆಚ್ಚಿಗೆ ತಿಂದರು. ಅಲ್ಲಿ ಉಂಡುಹೋದ, ಬಾವಿ ತೋಡುವ ಕೆರಿಯನೆಂಬವನು ಸುದ್ದಿಯನ್ನು ಹುಲೇಕಲ್‌ವರೆಗೆ ಮುಟ್ಟಿಸಿದ. ಅವನ ಬಾಯಿ ಅವನ ಗುದ್ದಲಿಗಿಂತ ಆಳ.

ಆಮೇಲೆ ಸಾಲು ಹತ್ತಿತು. ಮೊದಲ ಬಸ್ಸಿಗೇ ಜನ ಬಾವಿ ಹಿಡಿದುಕೊಂಡು ಬಂದರು. ಅರಿಷ್ಟದ ಬಾಟಲಿಯಲ್ಲಿ, ಗಂಗಾಜಲದ ಗಿಂಡಿಯಲ್ಲಿ, ಒಬ್ಬರಂತೂ ಹಾಲಿನ ಕ್ಯಾನಿನಲ್ಲಿ. ಮಂಚಿಕೇರಿಯ ಒಂದು ಸಂಬಂಧ ಜಾತಕ ಕೂಡಿಬಂದರೂ ಅಮೋನಿಯ ಕೂಡಿಬರದೆ ಮುರಿದುಹೋಯಿತು ಎನ್ನುತ್ತಾರೆ. ಹುಲಗೋಳದವರೊಬ್ಬರು ಬಾವಿ ನೀರು ಪಾಸಾಯಿತೆಂದು ಪೇಡೆ ಹಂಚಿದರು. ಹದಿನಾಲ್ಕು ಮಷಿನ್ನುಗಳ ಮುಂದಿನ ಹದಿನಾಲ್ಕು ಕುರ್ಚಿಗಳ ಮೇಲೂ ಜನ. ಮಾಸ್ತರು ಇನ್ನೂ ಐದು ಲೋಟ ಕೊಂಡರು. ಏಳು ಗಂಟೆಗೆ ಮಷಿನ್ನು ಕುಟ್ಟುವುದನ್ನು ಬಿಟ್ಟೇಬಿಟ್ಟರು. ಭಾನುವಾರವೂ ಜನ ಬಂದದ್ದರಿಂದ ಮೀನಿನ ನೀರಿನ ಸರದಿ ಒಂದು ವಾರ ತಪ್ಪಿತು, ಆಮೇಲೆ ಎರಡು, ಆಮೇಲೆ ಐದು. ಕುಮಟೆಯ ಬಸ್ಸಿನ ಕಂಡಕ್ಟರು ಹಿಂದಿನ ಸೀಟಿನ ಕೆಳಗೆ ಬಗ್ಗಿ ನೋಡಿ, "ಸಮುದ್ರ ಬರ್ಲಿಲ್ವಾ ಈ ಸಲ," ಎಂದು ಕೇಳಿದನಂತೆ. ಸೀಸೆಗಳಲ್ಲಿ ಹನಿ ತಳ ಮುಟ್ಟಿತ್ತು. ಮೀನು ಗಾಜಿನ ಹತ್ತಿರ ಬಂದು ಬಂದು ನೋಡಿ, ಆಮೇಲೆ ಬರುವುದನ್ನು ನಿಲ್ಲಿಸಿತು.

ಎದುರು ಮನೆಯ ಪರಿಮಳಕ್ಕ ಬಂದದ್ದು ಆಗ. ಹನ್ನೊಂದು ಜನರ ಮನೆ ಅವಳದ್ದು. ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವುದರಲ್ಲಿ ಅವಳನ್ನು ಮೀರಿಸಿದವರು ಘಟ್ಟದ ಮೇಲೂ ಇಲ್ಲ, ಕೆಳಗೂ ಇಲ್ಲ. ಅವಳು ನೀರು ತಂದದ್ದು ಪುಟ್ಟ ಭರಣಿಯಲ್ಲಿ. ಈ ಸೀಮೆಯಲ್ಲಿ ಉಪ್ಪಿನಕಾಯಿ ಭರಣಿಯಷ್ಟು ಶುದ್ಧವಾದ ಪಾತ್ರೆ ಇನ್ನೊಂದಿಲ್ಲ. ಅದನ್ನು ಮೈಲಿಗೆಯವರು ಮುಟ್ಟುವ ಹಾಗಿಲ್ಲ, ಒದ್ದೆ ಕೈ ತಾಗಿಸುವ ಹಾಗಿಲ್ಲ, ನೀರು ಸೋಕಿದರೆ ಬೂಸ್ಟು ಹಿಡಿಯುವುದರಿಂದ ಸುಮ್ಮಸುಮ್ಮನೆ ತೊಳೆಯುವ ಹಾಗೂ ಇಲ್ಲ. ಹಾಗಾಗಿ ಹಿಂದಿನ ವರ್ಷದ ಮಿಡಿ ಖಾಲಿಯಾದ ಭರಣಿಯನ್ನೇ, ತಳದಲ್ಲಿ ಎರಡು ಬೆರಳು ಗಟ್ಟಿಯಾಗಿ ಕೂತಿದ್ದ ಉಪ್ಪಿನ ಸಮೇತ, ಬಾವಿಗೆ ಇಳಿಸಿ ನೀರು ತುಂಬಿಕೊಂಡು ಬಂದಿದ್ದಳು.

"ಎಲ್ಲರ ಮನೆ ನೀರೂ ನೋಡಿದ್ರಡ. ಯಂಗಳದ್ದೂ ಒಂದು ನೋಡಿ ಮಾಸ್ತರ್ರೇ. ಆದ್ರೆ ಆನು ಕೂರ್ತಿಲ್ಲೆ, ಒಲೆ ಮೇಲೆ ಇಟ್ಟಿಕ್ಕಿ ಬೈಂದೆ," ಎಂದು, ಕೂರದೆಯೇ ಭರಣಿ ಇಟ್ಟು ಹೋದಳು.

ಮಾಸ್ತರು ತೇಲುಕಡ್ಡಿ ಬಿಟ್ಟರು. ಕಡ್ಡಿ ಹಸಿರು ಗೆರೆಯನ್ನು ದಾಟಿ, ನೀರಿನಿಂದ ಅರ್ಧ ಮೈ ಹೊರಗೆ ಹಾಕಿ ನಿಂತಿತು. ಮೂರು ಸಲ ಬಿಟ್ಟರು, ಮೂರು ಸಲವೂ ಅದೇ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಂಬಿ ಮೂವತ್ತು ವರ್ಷ ಬದುಕಿದ ಮನುಷ್ಯ. ಮೂರು ಪ್ರತಿ ಹೊಡೆದರು: "ಉಪ್ಪು: ಸಮುದ್ರಕ್ಕಿಂತ ಹೆಚ್ಚು." ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ್ದರೆ ಮಾವಿನ ಸೊನೆಯ ವಾಸನೆಯೇ ವಿಷಯ ಹೇಳಿಬಿಡುತ್ತಿತ್ತು. ಆದರೆ ವೈಜ್ಞಾನಿಕ ಪರೀಕ್ಷೆಯಲ್ಲಿ ನಾಲಿಗೆಗೆ ಕಾಲಮ್ಮು ಇರಲಿಲ್ಲ.

ಪರಿಮಳಕ್ಕನ ಪ್ರತಿ ಅವಳ ಕೈಗೆ ಹೋಗುವ ಮೊದಲೇ ಕಿಟಕಿಯ ಪ್ರತಿಯನ್ನು ಊರು ಓದಿತ್ತು.

"ನಾ ಆವತ್ತೇ ಹೇಳಿದ್ನಲ್ರಾ," ಎಂದ ಕೆರಿಯ. "ಆ ಬಾವಿ ತೋಡೂವಾಗ ತಳದಲ್ಲಿ ತೆರೆ ಸಪ್ಳ ಕೇಳಿತ್ತು. ನಾನು ಹೆದ್ರಿ ಯಾರಿಗೂ ಹೇಳ್ಲಿಲ್ಲ." ಬಾವಿ ತೋಡಿದ್ದು ಅವನು ಹುಟ್ಟುವ ಮೊದಲು ಎಂಬುದನ್ನು ಯಾರೂ ಎತ್ತಲಿಲ್ಲ.

ಸಮುದ್ರ ಶಿರಸಿಯ ಅಡಿಗೆ ಬಂದಿದೆ ಎಂಬುದು ಎರಡೇ ದಿನದಲ್ಲಿ ಇತ್ಯರ್ಥವಾಯಿತು. ಗೋಕರ್ಣಕ್ಕೆ ಹೋಗಿ ಅಮಾವಾಸ್ಯೆಯ ಸಮುದ್ರಸ್ನಾನ ಮಾಡುವ ಹರಕೆ ಹೊತ್ತ ಐದಾರು ಮಂದಿ ಟವೆಲು ಹೆಗಲಿಗೆ ಹಾಕಿ ಪರಿಮಳಕ್ಕನ ಹಿತ್ತಲಿಗೆ ಬಂದು, ಕೊಡಪಾನ ಕೊಡುತ್ತೀರಾ ಎಂದು ಕೇಳಿದರು. ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ, ಮೊದಲ ಬಂಗಡೆ ಸಿಕ್ಕಾಗ ತನಗೇ ಹೇಳಬೇಕೆಂದು ಮಾತು ಪಡೆದುಕೊಂಡು ಹೋದಳು. ಇತ್ತ ಉಪ್ಪಿನಕಾಯಿಯ ಗಿರಾಕಿಗಳು, ಪುಕ್ಕಟೆ ಉಪ್ಪುನೀರಿನಲ್ಲಿ ಮಿಡಿ ಹಾಕಿದ್ದಾಳೆಂದು ಡಬ್ಬಿ ವಾಪಸು ತಂದರು. ಪರಿಮಳಕ್ಕನ ಜಗುಲಿಯಲ್ಲಿ ಡಬ್ಬಿ ಬೆಳೆಯಿತು. ತನ್ನ ಬಾವಿ ಸಿಹಿಯೇ ಎಂದು ಅವಳು ಹೇಳಿದ್ದನ್ನು ಸೀಲಿದ್ದ ಕಾಗದದೆದುರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ; ಅವಳು ಡಬ್ಬಿ ಎಣಿಸಿ ಜೋಡಿಸುತ್ತ ಕೂತಳು. ಡಬ್ಬಿ ಎಣಿಸುವ ಪರಿಮಳಕ್ಕನನ್ನು ಕಂಡು ಮನೆಯ ಹತ್ತು ಜನ ಹೆದರಿ ಪಿಸುಗುಟ್ಟಿ ನಡೆದಾಡಿದರು.

ನಾಲ್ಕನೆಯ ದಿನ ಜೀಪು ಬಂತು. ಇಳಿದವರ ಹೆಸರು ಅನಂತಮೂರ್ತಿ, ನೀರಿಗೆ ಸಂಬಂಧಪಟ್ಟ ಯಾವುದೋ ಕಚೇರಿಯವರು. ಯಾವ ಕಚೇರಿ ಎಂದು ಇವತ್ತಿಗೂ ಖಚಿತವಿಲ್ಲ. ಜೀಪಿತ್ತು, ಸಾಕು.

"ವರದಿ ನೀವು ಕೊಟ್ಟದ್ದೇ?" ಎಂದರು.

"ಹೌದು," ಎಂದರು ಮಾಸ್ತರು. ಹಿಂದೆ ಹದಿನಾಲ್ಕು ಕುರ್ಚಿಯವರೂ ಎದ್ದು ನಿಂತಿದ್ದರು. ಜೀವಮಾನದಲ್ಲಿ ಮಾಸ್ತರ ಬೆನ್ನ ಹಿಂದೆ ಅಷ್ಟು ಜನ ನಿಂತದ್ದು ಅದೇ ಮೊದಲು.

"ಸಮುದ್ರ ಬಂದಿದ್ದರೆ ಬಾವಿ ಮುಚ್ಚಬೇಕಾಗುತ್ತದೆ. ನನ್ನ ಎದುರಿಗೆ ಇನ್ನೊಮ್ಮೆ ಪರೀಕ್ಷೆ ಆಗಲಿ. ಎಲ್ಲ ಕಾಲಮ್ಮು ತುಂಬಿಸಿ."

ಮಾಸ್ತರು ಪೆಟ್ಟಿಗೆ ತೆರೆದರು. ಅಮೋನಿಯದ ಸೀಸೆಯಲ್ಲಿ ಹೆಚ್ಚೆಂದರೆ ಒಂದು ಪರೀಕ್ಷೆಯ ಹನಿ ಉಳಿದಿತ್ತು. ಸೀಸೆ ಎತ್ತಿಕೊಳ್ಳುವಾಗ ಕಣ್ಣು ತೊಟ್ಟಿಯ ಕಡೆಗೆ ಹೋಯಿತು. ಮೀನು ತಳದ ಮರಳಿನ ಮೇಲೆ ಒರಗಿ, ಓಡಿ ಬಂದವರ ಹಾಗೆ ಏದುತ್ತಿತ್ತು. ಮಾಸ್ತರು ಸೀಸೆಯನ್ನು ಜೇಬಿಗೆ ಹಾಕಿಕೊಂಡರು. ತೇಲುಕಡ್ಡಿಯೊಂದನ್ನೇ ಹಿಡಿದು ಬಾವಿಗೆ ನಡೆದರು. ಊರು ಹಿಂಬಾಲಿಸಿತು.

ಕೆರಿಯ ಕೊಡ ಇಳಿಸಿ ನೀರೆತ್ತಿದ. ಕಡ್ಡಿಗೆ ಇನ್ನೂ ನೀರು ಸೋಕಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದು ದಣಿದಿದ್ದ ಗುರುಶಾಂತವ್ವ ಮುಂದೆ ಬಂದು, ಬೊಗಸೆಯೊಡ್ಡಿ, ಗಟಗಟ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಸಪ್ಪಗ ಐತಲ್ರೀ. ಚೊಲೋ ಸಿಹಿನೀರು. ಇದಕ್ಕ ಇಷ್ಟ್ಯಾಕ ಜೀಪು?"

ಊರಿಗೆ ಊರೇ ಬೊಗಸೆಯೊಡ್ಡಿ ಕುಡಿಯಿತು. ಮಿಡಿಯ ಉಪ್ಪುನೀರನ್ನು ನಾಲಿಗೆಯ ತುದಿಯಲ್ಲಿ ತೂಗುವ ಊರು, ನಾಲ್ಕು ದಿನ ಕಾಗದ ಓದುತ್ತ ಕೂತಿತ್ತು. ಪರಿಮಳಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದವಳು ಹಣೆ ಬಡಿದುಕೊಂಡಳು.

"ಮಿಡಿ ಭರಣಿ," ಎಂದಳು. "ಆನು ಮಿಡಿ ಭರಣೀಲಿ ತಂದಿದ್ದಿ."

ಆ ದಿನ ನಕ್ಕ ನಗು ಸಿದ್ದಾಪುರದಲ್ಲಿ ಕೇಳಿತಂತೆ, ಕೆಲವರು ಸಿಡಿಲೆಂದು ತಿಳಿದು, ಒಣಗಲು ಹಾಕಿದ್ದ ಅಡಕೆ ಒಳಗೆ ತಂದರಂತೆ. ಅನಂತಮೂರ್ತಿ ಮಾತ್ರ ನಗಲಿಲ್ಲ. "ಆದೇಶ ಹೊರಡಿಸಬೇಕು," ಎಂದರು. ಅವರ ಕಚೇರಿಯಲ್ಲಿ ಟೈಪಿಸ್ಟ್ ರಜೆ. ಹಾಗಾಗಿ ಅವರು ಹೇಳಿದಂತೆ, "ಟೈಪಿಂಗ್ ಇನ್‌ಸ್ಟಿಟ್ಯೂಟಿನ ವಿಘ್ನೇಶ್ವರ ಹೆಗಡೆ ಎಂಬವರು ಇನ್ನು ಮುಂದೆ ತಮ್ಮ ಮೀನಿನ ಹೊರತು ಯಾರ ನೀರನ್ನೂ ಪರೀಕ್ಷಿಸತಕ್ಕದ್ದಲ್ಲ," ಎಂಬ ಆದೇಶವನ್ನು ವಿಘ್ನೇಶ್ವರ ಹೆಗಡೆಯವರೇ ಏಳನೆಯ ಮಷಿನ್ನಿನಲ್ಲಿ ಒಂದೂ ತಪ್ಪಿಲ್ಲದೆ ಮೂರು ಪ್ರತಿ ಹೊಡೆದು, ಒಂದನ್ನು ತಾವೇ ಸ್ವೀಕರಿಸಿ ಸಹಿ ಹಾಕಿದರು. "ಬಹಳ ಚೆನ್ನಾಗಿದೆ ಟೈಪಿಂಗು," ಎಂದು ಹೇಳಿ ಅನಂತಮೂರ್ತಿ ಜೀಪು ಹತ್ತಿದರು.

ಸಂಜೆ ನಾಲ್ಕಕ್ಕೆ ಕೋಣೆಯಲ್ಲಿ ಹದಿನಾಲ್ಕು ಕುರ್ಚಿಗಳು, ತೊಳೆಯದ ಆರು ಲೋಟಗಳು. ಹೊರಗೆ ಯಾರೋ ಕಿಟಕಿಯ ವರದಿಯನ್ನು ದೊಡ್ಡದಾಗಿ ಓದಿ ನಕ್ಕು ಹೋದರು.

ಮಾಸ್ತರು ಜೇಬಿನಿಂದ ಸೀಸೆ ತೆಗೆದು ಉಳಿದ ಹನಿಗಳನ್ನು ನಳಿಗೆಯಲ್ಲಿ ತುಂಬಿದ ಮೀನಿನ ನೀರಿಗೆ ಹಾಕಿದರು. ನಿಮಿಷವೂ ತಡೆಯದೆ ಬಾಳೆಯೆಲೆಯಂಥ ಹಸಿರು ಬಂತು. ಆಪತ್ತೆಂದರೆ ಆಪತ್ತು, ಅರ್ಧ ನೀರು ಈಗಲೇ ಬದಲಾಗಬೇಕು. ಕ್ಯಾನುಗಳು ಒಣಗಿದ್ದವು. ಈಗ ಹೊರಟು ಕುಮಟೆ ಮುಟ್ಟಿದರೆ ತಿರುಗಿ ಬರಲು ಬಸ್ಸಿಲ್ಲ. ಮಾಸ್ತರು ಖಾಲಿ ಕ್ಯಾನು ಹಿಡಿದು ತೊಟ್ಟಿಯ ಮುಂದೆ ನಿಂತರು. ಮೀನು ಅವರ ಕಡೆಗೆ ನೋಡಲೂ ಇಲ್ಲ.

"ಭರಣಿ ತಗಂಡು ಹೋಪಲೆ ಬಂದೆ," ಎಂದಿತು ಬಾಗಿಲಿನ ದನಿ. ಪರಿಮಳಕ್ಕ. ಮಾಸ್ತರ ಮುಖ ನೋಡಿದಳು, ಕ್ಯಾನು ನೋಡಿದಳು, ಮೀನು ನೋಡಿದಳು. "ಎಂತಾ ಆತು ಅದಕ್ಕೆ?"

"ನೀರು ಹಾಳಾಜು. ಸಮುದ್ರದ ನೀರೇ ಬೇಕು ಅದಕ್ಕೆ. ಇಲ್ದಿದ್ರೆ ಉಳಿತಿಲ್ಲೆ."

ಪರಿಮಳಕ್ಕ ತೊಟ್ಟಿಗೆ ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತಳು. "ಉಪ್ಪು ಮುಂದಾಜು. ನೀರು ಆರಿ ಆರಿ ಗಟ್ಟಿಯಾಜು. ಸಮುದ್ರ ಇದಕ್ಕಿಂತ ಎರಡು ಮುಷ್ಟಿ ಕಮ್ಮಿ. ತಡೀರಿ."

ಮನೆಗೆ ಹೋಗಿ ತಂದದ್ದು ಸಾಣಿಕಟ್ಟೆಯ ಕಲ್ಲುಪ್ಪಿನ ಬುಟ್ಟಿ. ಗೋಕರ್ಣದ ಪಕ್ಕದ ಗದ್ದೆಗಳಲ್ಲಿ ಸಮುದ್ರವನ್ನೇ ಒಣಗಿಸಿ ಮಾಡಿದ ಉಪ್ಪು, ಮಿಡಿಗೆ ಅದೇ ಆಗಬೇಕು. ಹಂಡೆಗೆ ತನ್ನ ಬಾವಿಯದೇ ನೀರು ಹೊಯ್ದು, ಮುಷ್ಟಿ ಮುಷ್ಟಿ ಹಾಕಿ, ಕದಡಿ, ನೆಕ್ಕಿ, ಅರೆ ಮುಷ್ಟಿ ಹಾಕಿ, ಮತ್ತೆ ನೆಕ್ಕಿ, "ಈಗ ಸಮುದ್ರ," ಎಂದಳು. ಮಾಸ್ತರು ತೇಲುಕಡ್ಡಿ ಬಿಟ್ಟರು. ಅದು ಎರಡು ಸಲ ತಲೆಯಾಡಿಸಿ, ಹಸಿರು ಗೆರೆಗೆ ಸರಿಯಾಗಿ, ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತು.

ನೀರು ಬದಲಾಯಿತು. ಮೀನು ಮರಳಿನಿಂದ ಒಂದು ಬೆರಳು ಮೇಲೆದ್ದಿತು.

"ಕೂತ್ಗಳಿ ಪರಿಮಳಕ್ಕ," ಎಂದರು ಮಾಸ್ತರು. "ಇನ್ನೊಂದು ಸೀಸೇಲಿ ನಾಲ್ಕು ಹನಿ ಇದ್ದು. ಹುಳಿ ನೋಡ್ತೆ. ಬಣ್ಣ ಬಪ್ಪಲೆ ಇಪ್ಪತ್ತೈದು ನಿಮಿಷ ಬೇಕು, ಅಷ್ಟರಲ್ಲಿ ಚಾ."

ಪರಿಮಳಕ್ಕ ಪೆಟ್ಟಿಗೆ ಎತ್ತಿ ಕಣ್ಣಿಗೆ ಹತ್ತಿರ ಹಿಡಿದಳು. "ಇದ್ರ ಮೇಲೆ ಐದು ನಿಮಿಷ ಹೇಳಿ ಬರ್ದಿದ್ದಲಿ."

"ಅದು ಕಾರವಾರಕ್ಕೆ. ಶಿರಸಿ ಎತ್ತರದಲ್ಲಿ ಇದ್ದು, ಬಣ್ಣ ಹತ್ತಿ ಬಪ್ಪಲೆ ಹೊತ್ತು ಬೇಕು."

ಅವಳು ನಗಲಿಲ್ಲ. ಭರಣಿಯನ್ನು ಸೊಂಟಕ್ಕೆ ಇಟ್ಟುಕೊಂಡು ಮಷಿನ್ನುಗಳ ಸಾಲನ್ನು ನೋಡಿದಳು. "ಮೊದಲು ದಿನಾ ಬೆಳಗ್ಗೆ ಹದಿನಾಲ್ಕೂ ಹೊಡೀತಿದ್ರಿ. ಒಂದು ಮುಗಿದ ಮೇಲೆ ಒಂದು ಕೇಳ್ತಿತ್ತು. ಹುಡುಗ್ರು ಕಲಿತಾ ಇದ್ರೆ ಎಲ್ಲಾ ಒಟ್ಟಿಗೇ ಕೇಳಕ್ಕು ಮಾಸ್ತರ್ರೇ." ಹೊಸ್ತಿಲಲ್ಲಿ ತಿರುಗಿ, "ಒಲೆ ಮೇಲೆ ಹಾಲಿದ್ದು. ಜಗುಲಿ ತುಂಬಾ ಡಬ್ಬಿ ಇದ್ದು. ಇಪ್ಪತ್ತೈದು ನಿಮಿಷ ಪುರಸೊತ್ತು ಯಾರಿಗೂ ಇಲ್ಲೆ. ಐದು ಅಂದಿದ್ರೆ ಕೂರ್ತಿದ್ದಿ," ಎಂದು ಹೇಳಿ ರಸ್ತೆ ದಾಟಿದಳು.

ಹೇಳಿದ್ದೆಂದ ಮೇಲೆ ಹೇಳಿದ್ದೇ. ಮಾಸ್ತರು ಬಂದವರ ಕುರ್ಚಿಯಲ್ಲಿ ತಾವೇ ಕುಳಿತು, ನಳಿಗೆ ಹಿಡಿದು, ಇಪ್ಪತ್ತೈದು ನಿಮಿಷವನ್ನು ಪೂರ್ತಿ ಕಾದರು. ಬಣ್ಣ ಐದು ನಿಮಿಷಕ್ಕೇ ಬಂದಿತ್ತು. ಉಳಿದ ಇಪ್ಪತ್ತು ನಿಮಿಷ ಮೀನು ಅವರನ್ನೂ ಅವರು ಮೀನನ್ನೂ ನೋಡುತ್ತಿದ್ದರು.

ಮರುದಿನ ಏಳು ಗಂಟೆಗೆ ಬೀದಿಗೆ ಒಂದೇ ಒಂದು ಮಷಿನ್ನಿನ ಸದ್ದು ಕೇಳಿತು. ಸ್ವಲ್ಪ ಹೊತ್ತು ಕುಟ್ಟಿ ಅದೂ ನಿಂತಿತು. ಒಂಬತ್ತೂವರೆಯವರೆಗೆ ಕ್ಲಾಸು ನಡೆಯಲಿಲ್ಲ. ಕಿಟಕಿಯಲ್ಲಿ ಹೊಸ ಕಾಗದ ಇತ್ತು, ಸೀಲು ಇರಲಿಲ್ಲ.

"ನೀರಿನ ಗುಣಮಟ್ಟ. ಮೀನು: ಒಂದು. ಉಪ್ಪು: ಸಮರ್ಪಕ, ಎದುರು ಮನೆಯ ನಾಲಿಗೆಯ ಪ್ರಕಾರ. ಎದುರು ಮನೆಯ ಬಾವಿ: ಸಿಹಿ. ಬಣ್ಣ ಬರಲು ತಗಲುವ ಸಮಯ: ಐದು ನಿಮಿಷ."

ಕೊನೆಯ ಸಾಲಿನ ಕೆಳಗೆ ಕೆಂಪು ರಿಬ್ಬನ್ನಿನಲ್ಲಿ ಎರಡು ಗೆರೆ ಎಳೆದಿತ್ತು.